ಓರಗೆಯವರು ತುಂಬಿದ ಚೌಕ

ತೊಂದರೆ ಶುರುವಾದದ್ದು ಹದಿನೇಳನೆಯ ಕಾಲಂನಿಂದ. ಒಂಬತ್ತನೆಯ ನಂಬರಿನವರು ಅಲ್ಲಿ ಏನನ್ನೂ ಬರೆಯದೆ ಬಿಟ್ಟಿದ್ದರು.

ಒಂಬತ್ತನೆಯ ನಂಬರಿನವರು ಅಂದರೆ ಅವನ ಹೆಂಡತಿ. ಕಚೇರಿಯಲ್ಲಿ ಈ ವಿಷಯ ಗೊತ್ತಿದ್ದದ್ದು ಅವನೊಬ್ಬನಿಗೆ.

ಅವನ ಕೆಲಸ ಹೋಲಿಸುವುದು. ಹೊಸದಾಗಿ ಹುಟ್ಟಿದ ಸಣ್ಣ ಕಂಪನಿಗಳನ್ನು, ಅಂದರೆ ಸ್ಟಾರ್ಟಪ್‌ಗಳನ್ನು, ಒಂದೇ ಬಗೆಯ ಹನ್ನೆರಡರಂತೆ ಗುಂಪು ಮಾಡಿ, ಪ್ರತಿಯೊಬ್ಬರಿಗೂ ಇಪ್ಪತ್ತೆರಡು ಪ್ರಶ್ನೆಗಳ ಫಾರಂ ಕಳಿಸಿ, ಬಂದ ಉತ್ತರಗಳನ್ನು ಕಂಪ್ಯೂಟರಿಗೆ ಉಣಿಸಿ, ಓರಗೆಯವರಲ್ಲಿ ಯಾರು ಮುಂದಿದ್ದಾರೆ, ಯಾರು ಹಿಂದೆ ಬಿದ್ದಿದ್ದಾರೆ ಅಂತ ಪಟ್ಟಿ ಮಾಡಿಕೊಡುವುದು. ಪಟ್ಟಿಯನ್ನು ಕೊಳ್ಳುವವರು ಹೂಡಿಕೆದಾರರು. ಪಕ್ಷಪಾತ ಆಗಬಾರದು ಅಂತ ಫಾರಂ ಬಂದ ಕೂಡಲೇ ಹೆಸರು, ವಿಳಾಸ ಇರುವ ಹಾಳೆಯನ್ನು ಬೇರೆ ಮಾಡಿ ಲಕೋಟೆಗೆ ಹಾಕಿ ಅಂಟಿಸಿ, ಬರೀ ನಂಬರು ಬರೆದು ಅವನ ಮೇಜಿಗೆ ಕಳಿಸುತ್ತಿದ್ದರು. ಆದರೆ ಈ ಸಲದ ಗುಂಪು ಸಾಮಾನು ಬಾಡಿಗೆಗೆ ಕೊಡುವವರದು. ಒಬ್ಬರು ಡ್ರಿಲ್ಲಿಂಗ್ ಮೆಷಿನ್ ಕೊಡುತ್ತಿದ್ದರು, ಒಬ್ಬರು ಗಾಲಿಕುರ್ಚಿ, ಇನ್ನೊಬ್ಬರು ನಾಟಕದ ವೇಷಭೂಷಣ. ಮಕ್ಕಳಿಗೆ ಸೈಕಲ್ ಕೊಟ್ಟು, ಮಗು ಬೆಳೆದ ಹಾಗೆ ದೊಡ್ಡದಕ್ಕೆ ಬದಲಾಯಿಸಿಕೊಡುವವರು ಊರಿಗೆಲ್ಲ ಒಬ್ಬರೇ. ಆ ಒಬ್ಬರು ದಿನಾ ಬೆಳಿಗ್ಗೆ ಅವನೆದುರು ಕೂತು ಚಹಾ ಕುಡಿಯುತ್ತಿದ್ದರು.

ಇದನ್ನು ಕಚೇರಿಯಲ್ಲಿ ಹೇಳಬೇಕು ಅಂತ ಅವನು ಮೂರು ವಾರದಿಂದ ಅಂದುಕೊಳ್ಳುತ್ತಿದ್ದ. ಮೊದಲ ದಿನ ಹೇಳಿದ್ದರೆ ಒಂದು ನಿಮಿಷದ ಮಾತು. ಎರಡನೆಯ ವಾರಕ್ಕೆ ಅದು ‘ಇಷ್ಟು ದಿನ ಯಾಕೆ ಹೇಳಲಿಲ್ಲ’ ಅನ್ನುವ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡಿತು. ಮೂರನೆಯ ವಾರಕ್ಕೆ ನೀರಿನಲ್ಲಿ ನೆನೆದ ಹಾಸಿಗೆಯಷ್ಟು ಭಾರವಾಯಿತು. ನಾನೇ ಒಂದು ಸಮಯ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ನೀನೂ ಯಾರ ಹತ್ತಿರವೂ ಬಾಯಿ ಬಿಡಬೇಡ ಅಂತ ಹೆಂಡತಿಗೆ ಹೇಳಿಟ್ಟು, ಆ ಭಾರವನ್ನು ಇಬ್ಬರಿಗೂ ಹಂಚಿದ.

“ಒಂಬತ್ತನೇ ನಂಬರಿನವರು ಹದಿನೇಳನೇ ಕಾಲಂ ಖಾಲಿ ಬಿಟ್ಟಿದಾರೆ,” ಅಂದ ಅವತ್ತು ಬೆಳಿಗ್ಗೆ, ಯಾರೋ ಮೂರನೆಯವರ ಸುದ್ದಿ ಹೇಳುವವನ ಹಾಗೆ.

ಅವಳು ಬಗ್ಗಿ ಶೂ ಕಟ್ಟಿಕೊಳ್ಳುತ್ತಿದ್ದಳು. “ಏನಂತೆ ಪ್ರಶ್ನೆ?”

“ಕಳೆದ ವರ್ಷ ನೂರಕ್ಕೆ ಎಷ್ಟು ಗಿರಾಕಿಗಳು ಬಿಟ್ಟುಹೋದರು ಅಂತ.”

“ಒಂಬತ್ತನೇ ನಂಬರಿನವರಿಗೆ ಅದು ಗೊತ್ತಿಲ್ಲ ಅಂತ ಕಾಣುತ್ತೆ. ಒಂದು ಮಗು ಎತ್ತರ ಆಯ್ತು, ಇನ್ನು ಅದರ ಅಳತೆಗೆ ನಮ್ಮಲ್ಲಿ ಸೈಕಲ್ ಇಲ್ಲ. ಅದು ಬಿಟ್ಟುಹೋದ ಹಾಗೋ, ಬೆಳೆದ ಹಾಗೋ?”

“ಫಾರಂನಲ್ಲಿ ಅಷ್ಟೆಲ್ಲ ಕೇಳಿಲ್ಲ.”

“ಅದೇ ನಾನೂ ಹೇಳೋದು. ಕಾರಣ ಬರೆಯೋಕೆ ಜಾಗ ಎಲ್ಲಿದೆ?”

ಕಾರಣಕ್ಕೆ ಜಾಗ ಕೊಟ್ಟರೆ ಒಬ್ಬರನ್ನು ಇನ್ನೊಬ್ಬರ ಪಕ್ಕ ಇಟ್ಟು ಹೋಲಿಸಲಿಕ್ಕೆ ಆಗುವುದಿಲ್ಲ ಅಂತ ಅವನು ವಿವರಿಸತೊಡಗಿದ. ಅಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು. ಖಾಲಿ ಬಿಟ್ಟದ್ದನ್ನೆಲ್ಲ ನೀನೇ ನೋಡಿ ತುಂಬು, ಫಾರಂ ಮಾಡಿದವನು ನೀನು ತಾನೇ ಅಂದು ಹೊರಟುಹೋದಳು.

ಅವಳಿಗೂ ಅವನಿಗೂ ಅವತ್ತಿನ ಪಟ್ಟಿಯಿಂದ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. ಗುಂಪಿನಲ್ಲಿ ಮೊದಲು ಬಂದವರ ಬೆನ್ನಿಗೆ ಹೂಡಿಕೆದಾರ ಮೂರು ವರ್ಷ ನಿಲ್ಲುತ್ತಾನೆ. ಉಳಿದ ಹನ್ನೊಂದು ಮಂದಿಗೆ ‘ತಮ್ಮ ಪ್ರಯತ್ನಕ್ಕೆ ಶುಭವಾಗಲಿ’ ಅಂತ ಒಂದು ಪತ್ರ ಬರುತ್ತದೆ. ಹೆಂಡತಿಯ ಶೆಡ್ಡಿನ ಕರಾರು ತಿಂಗಳ ಕೊನೆಗೆ ಮುಗಿಯುತ್ತಿತ್ತು. ಶುಭ ಹಾರೈಸುವ ಪತ್ರ ಬಂದರೆ ನೂರ ನಲವತ್ತು ಸೈಕಲುಗಳನ್ನು ಎಲ್ಲಿಡುವುದು ಅಂತ ಗಂಡ ಹೆಂಡತಿ ಒಮ್ಮೆಯೂ ಮಾತಾಡಿರಲಿಲ್ಲ. ಮಾತಾಡದೆ ಇದ್ದದ್ದರಿಂದಲೇ ಅದು ಇಬ್ಬರಿಗೂ ಸದಾ ನೆನಪಿರುತ್ತಿತ್ತು.

ಖಾಲಿ ಚೌಕಕ್ಕೆ ಕಚೇರಿಯಲ್ಲಿ ಒಂದು ನಿಯಮವಿತ್ತು. ಬರೆದವನು ಅವನೇ. ಯಾರಾದರೂ ಅಂಕಿ ಕೊಡದೆ ಬಿಟ್ಟರೆ, ಓರಗೆಯವರ ಅಂಕಿಗಳನ್ನೆಲ್ಲ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತದ್ದನ್ನು ತಂದು ಅಲ್ಲಿ ಕೂರಿಸುವುದು. ಹೌದೋ ಇಲ್ಲವೋ ಅನ್ನುವ ಪ್ರಶ್ನೆಯಾದರೆ ಹೆಚ್ಚು ಜನ ಏನಂದಿದ್ದಾರೋ ಅದು. ಬಾಯಿ ಬಿಡದವನು ಅಕ್ಕಪಕ್ಕದವರ ಹಾಗೇ ಇರುತ್ತಾನೆ ಅನ್ನುವುದು ಅದರ ತರ್ಕ. ಆ ನಿಯಮ ಬಂದ ಮೇಲೆ ಕಚೇರಿಯವರು ಅವನನ್ನು ‘ಸರಾಸರಿ’ ಅಂತ ಕರೆಯತೊಡಗಿದರು. ನಡುವಿನ ಅಂಕಿ ಬೇರೆ, ಸರಾಸರಿ ಬೇರೆ ಅಂತ ಮೊದಮೊದಲು ತಿದ್ದುತ್ತಿದ್ದ. ಆಮೇಲೆ ಆ ಹೆಸರಿಗೇ ತಿರುಗಿ ನೋಡುವುದು ಅಭ್ಯಾಸವಾಯಿತು.

ಹೆಂಡತಿಯ ಸಾಲನ್ನು ತಾನು ಕೈಯಾರೆ ಮುಟ್ಟಬಾರದು ಅಂತ ಅವನು ನಿರ್ಧರಿಸಿದ್ದ. ಹಾಗಾಗಿ ಖಾಲಿ ತುಂಬುವ ಗುಂಡಿಯನ್ನು ಒತ್ತಿ, ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡದ ಪ್ರಾಮಾಣಿಕ ವಿದ್ಯಾರ್ಥಿಯ ಹಾಗೆ ಕಿಟಕಿಯ ಕಡೆ ತಿರುಗಿ ಕೂತ. ಕಿಟಕಿಯಾಚೆ ಒಬ್ಬ ಗಾಜು ಒರೆಸುತ್ತಿದ್ದ. ಅವನು ಒಂದು ಗಾಜು ಮುಗಿಸುವಷ್ಟರಲ್ಲಿ ಕಂಪ್ಯೂಟರ್ ಇಡೀ ಪಟ್ಟಿ ಮುಗಿಸಿತ್ತು. ಹದಿನೇಳನೆಯ ಕಾಲಂನಲ್ಲಿ ಹನ್ನೆರಡು ಅಂತ ಬಂದಿತ್ತು. ಪಟ್ಟಿಯ ತಲೆಯ ಮೇಲೆ ಒಂಬತ್ತನೆಯ ನಂಬರು ಕೂತಿತ್ತು.

ನೂರರಲ್ಲಿ ಹನ್ನೆರಡಲ್ಲ, ಅದಕ್ಕಿಂತ ಬಹಳ ಹೆಚ್ಚು ಮಕ್ಕಳು ಬರುವುದನ್ನು ನಿಲ್ಲಿಸಿದ್ದಾರೆ ಅಂತ ಅವನಿಗೆ ಅಂದಾಜಿತ್ತು. ಮುಖ ತೊಳೆದುಕೊಂಡು ಬಂದು ಯೋಚಿಸೋಣ ಅಂತ ಎದ್ದ.

ಪಕ್ಕದ ಮೇಜಿನಲ್ಲಿ ಬಣ್ಣದಕ್ಕ ಇದ್ದಳು. ಅವನ ಅಂಕಿಗಳನ್ನು ಬಣ್ಣಬಣ್ಣದ ಕಂಬಗಳಾಗಿ ಮಾಡುವುದು ಅವಳ ಕೆಲಸ, ಇನ್ನೊಬ್ಬರ ಅರ್ಧ ಕೆಲಸವನ್ನು ಕೇಳದೆ ಮುಗಿಸಿಕೊಡುವುದು ಅವಳ ಸ್ವಭಾವ. ಅವನು ಟವೆಲಿನಲ್ಲಿ ಮುಖ ಒರೆಸುತ್ತ ವಾಪಸು ಬಂದಾಗ ಒಂಬತ್ತನೆಯ ನಂಬರಿನ ಕಂಬ ಹಸಿರು ಬಣ್ಣ ಬಳಿದುಕೊಂಡು ಎಲ್ಲಕ್ಕಿಂತ ಎತ್ತರ ನಿಂತಿತ್ತು. ಪಟ್ಟಿ ಹೂಡಿಕೆದಾರನಿಗೆ ಹೋಗಿ ಆರು ನಿಮಿಷವಾಗಿತ್ತು.

“ನೀವು ಎದ್ದು ಹೋದ ಗತ್ತು ನೋಡಿ ಕೆಲಸ ಮುಗೀತು ಅಂದ್ಕೊಂಡೆ,” ಅಂದಳು ಬಣ್ಣದಕ್ಕ. “ಥ್ಯಾಂಕ್ಸ್ ಎಲ್ಲ ಬೇಡ.”

ಅವನು ಕಚೇರಿ ನಡೆಸುವ ಮೇಡಂ ಕೋಣೆಗೆ ಹೋಗಿ, ಒಂಬತ್ತನೆಯ ಸಾಲಿನ ಒಂದು ಅಂಕಿಯ ಬಗ್ಗೆ ತನಗೆ ಅನುಮಾನವಿದೆ, ಒಂದು ತಿದ್ದುಪಡಿ ಕಳಿಸೋಣ ಅಂದ. ಹೆಂಡತಿಯ ಮಾತು ನಾಲಿಗೆಯ ತುದಿಯವರೆಗೂ ಬಂತು. ಮೇಡಂ ಕನ್ನಡಕ ತೆಗೆದದ್ದು ನೋಡಿ ಒಳಗೆ ಹೋಯಿತು.

ಮೇಡಂ ಸಿಟ್ಟಾಗಲಿಲ್ಲ. ಸಿಟ್ಟಾಗುವ ಬದಲು ಅವರು ತಿಳಿಹೇಳುತ್ತಿದ್ದರು, ಅದು ಸಿಟ್ಟಿಗಿಂತ ಉದ್ದವಾಗಿರುತ್ತಿತ್ತು. ನಮ್ಮಂಥ ಹೋಲಿಸುವ ಕಚೇರಿಗಳನ್ನೂ ಹೋಲಿಸುವವರಿದ್ದಾರೆ. ಅವರ ಫಾರಂನಲ್ಲಿ ‘ಕಳಿಸಿದ ತಿದ್ದುಪಡಿಗಳು’ ಅಂತ ಒಂದು ಕಾಲಂ ಇದೆ. ಏಳು ವರ್ಷದಿಂದ ಅಲ್ಲಿ ಸೊನ್ನೆ ಇದೆ. ಆ ಸೊನ್ನೆಯನ್ನು ನಾನು ಮಗುವಿನ ಹಾಗೆ ಸಾಕಿದ್ದೇನೆ. ಇಷ್ಟೆಲ್ಲ ಹೇಳಿ, ಹೂಡಿಕೆದಾರ ನಾಲ್ಕು ಗಂಟೆಗೆ ಖುದ್ದಾಗಿ ಬರುತ್ತಿದ್ದಾನೆ ಅಂತಲೂ ತಿಳಿಸಿದರು.

“ಹೋಗಿ ಅವರ ಹತ್ರಾನೇ ನಿಜವಾದ ಅಂಕಿ ತಗೊಂಡ್ ಬನ್ನಿ. ಹನ್ನೆರಡರ ಆಸುಪಾಸು ಇದ್ದರೆ ತಪ್ಪೇ ಆಗಿಲ್ಲ ಅಂತಾಯ್ತು. ವಿಳಾಸದ ಲಕೋಟೆ ಹೊರಗೆ ಇಸ್ಕೊಳ್ಳಿ.”

ಅವನು ಲಕೋಟೆ ಪಡೆದು, ರಿಜಿಸ್ಟರಿನಲ್ಲಿ ಸಹಿ ಹಾಕಿ, ರಸ್ತೆಗೆ ಬಂದು, ಬಸ್ ನಿಲ್ದಾಣದಲ್ಲಿ ನಿಂತು ಅದನ್ನು ನೀಟಾಗಿ ಹರಿದು, ತನ್ನ ಹೆಂಡತಿಯ ಶೆಡ್ಡಿನ ವಿಳಾಸವನ್ನು ಮೊದಲಿನಿಂದ ಕೊನೆಯವರೆಗೂ ಓದಿದ. ಆಮೇಲೆ ಬಸ್ ಹತ್ತಿದ. ನಿಯಮ ಅಂದರೆ ನಿಯಮ.

ಶೆಡ್ಡಿನಲ್ಲಿ ಸೈಕಲುಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಹೆಂಡತಿ ಒಂದು ಪುಟ್ಟ ಸೀಟಿನ ಎತ್ತರ ಸರಿಮಾಡುತ್ತಿದ್ದಳು. ಮೂಲೆಯಲ್ಲಿ ಮೇಸ್ತ್ರಿ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದ. ಅವನಿಗೆ ಅರವತ್ತು ದಾಟಿತ್ತು, ಮಾತಿಗೆ ಇನ್ನೂ ಇಪ್ಪತ್ತು.

“ಅಳೆಯೋಕೆ ಬಂದ್ರಾ ಸಾರ್?” ಅಂದ ಮೇಸ್ತ್ರಿ. “ನಿಲ್ಲಿ ಗೋಡೆಗೆ. ನಿಮ್ಮ ಸೈಜಿಂದು ಇಲ್ಲ ಅನ್ಸುತ್ತೆ.”

ಗೋಡೆಯೇ ಅವರ ದಾಖಲೆ. ಸೈಕಲಿಗೆ ಬರುವ ಪ್ರತಿ ಮಗುವನ್ನೂ ಹೆಂಡತಿ ಬಾಗಿಲ ಪಕ್ಕದ ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಅಡ್ಡಪಟ್ಟಿ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ಟೋಕನ್ ನಂಬರು, ತಾರೀಕು ಬರೆಯುತ್ತಿದ್ದಳು. ಆ ಗೆರೆಯ ಪ್ರಕಾರ ಸೈಕಲ್. ಎಲ್ಲಕ್ಕಿಂತ ಮೇಲೆ ಒಂದು ಕೆಂಪು ಗೆರೆ. ಅದನ್ನು ದಾಟಿದವರಿಗೆ ಅವಳಲ್ಲಿ ಸೈಕಲ್ ಇರಲಿಲ್ಲ.

ಒಂದು ವರ್ಷದಲ್ಲಿ ಬಂದವರು ಎಷ್ಟು, ಈಗ ಬಾರದವರು ಎಷ್ಟು ಅಂತ ಮೂವರೂ ಗೋಡೆಗೆ ಮುಖ ಮಾಡಿ ಎಣಿಸಿದರು. ಸ್ಟೂಲಿನ ಮೇಲೆ ನಿಂತು ಅವನು ನಂಬರು ಓದುವುದು, ಹೆಂಡತಿ ಇದ್ದಾರೆ ಅಥವಾ ಇಲ್ಲ ಅನ್ನುವುದು, ಮೇಸ್ತ್ರಿ ಕೇಳದಿದ್ದರೂ ಕಾರಣ ಹೇಳುವುದು. ಇವನು ಕೆಂಪು ಗೆರೆ ದಾಟಿದ, ಈಗ ನನ್ನ ಭುಜಕ್ಕೆ ಬರ್ತಾನೆ. ಇವಳೂ ಅಷ್ಟೆ, ಮೂರು ತಿಂಗಳಲ್ಲಿ ಬಿದಿರಿನ ಹಾಗೆ ಬೆಳೆದಳು. ಇವಳು ಬಿದ್ದು ಹಲ್ಲು ಮುರ್ಕೊಂಡಳು, ಅವರಮ್ಮ ಬಂದು ಹಲ್ಲಿನ ಲೆಕ್ಕ ನಮ್ಮ ಹತ್ರ ಕೇಳಿದರು. ಇವರು ಮನೆ ಬದಲಾಯಿಸಿದರು.

ಬಂದವರು ಸರಿಯಾಗಿ ನೂರು, ಈಗ ಬಾರದವರು ಮೂವತ್ತನಾಲ್ಕು. ಅದರಲ್ಲಿ ಇಪ್ಪತ್ತೊಂಬತ್ತು ಮಂದಿ ಕೆಂಪು ಗೆರೆ ದಾಟಿದವರು. ನಿಜಕ್ಕೂ ಬಿಟ್ಟುಹೋದವರು ಐದು. ಆ ಐದರಲ್ಲಿ ಕೊನೆಯ ನಂಬರಿಗೆ ಹೆಂಡತಿ ಬರೀ ‘ಇಲ್ಲ’ ಅಂದಿದ್ದಳು.

“ಇದು?” ಅಂದ ಅವನು ಸ್ಟೂಲಿನ ಮೇಲಿಂದ. “ಗೆರೆ ಇನ್ನೂ ಕೆಳಗಿದೆಯಲ್ಲ. ಅಳತೆಗೆ ಸೈಕಲ್ ಇದೆ. ಯಾಕೆ ಬರ್ತಿಲ್ಲ?”

“ಅದು ನಮ್ಮ ಮಗಳು.”

ಮೇಸ್ತ್ರಿ ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಬಹಳ ಗಮನವಿಟ್ಟು ಗುಳ್ಳೆ ನೋಡತೊಡಗಿದ.

“ಸೈಕಲ್ ಬಿಟ್ಟು ನಾಲ್ಕು ತಿಂಗಳಾಯ್ತು,” ಅಂದಳು ಹೆಂಡತಿ. “ಚೈನು ಕಚ್ಕೊಳ್ಳುತ್ತೆ ಅಂತ ನಿನಗೆ ಎರಡು ಸಲ ಹೇಳಿದಳಂತೆ, ನನಗೂ ಹೇಳಿದಳು. ನಾನು ಬೇರೆ ಮಕ್ಕಳ ಚೈನು ಸರಿಮಾಡ್ತಿದ್ದೆ. ಈಗ ಬಸ್ಸಲ್ಲಿ ಹೋಗ್ತಾಳೆ. ನೋಡಿಲ್ವಾ?”

ಅವನು ನೋಡಿರಲಿಲ್ಲ. ಮಗಳ ಗಣಿತದ ಅಂಕ ತರಗತಿಯಲ್ಲಿ ಎಷ್ಟನೆಯದು ಅಂತ ಅವನಿಗೆ ಬಾಯಿಪಾಠ ಇತ್ತು. ಅವಳು ಶಾಲೆಗೆ ಹೇಗೆ ಹೋಗುತ್ತಾಳೆ ಅನ್ನುವುದಕ್ಕೆ ಅವನಲ್ಲಿ ಕಾಲಂ ಇರಲಿಲ್ಲ.

ಸ್ಟೂಲಿನಿಂದ ಇಳಿದು ಮೊಬೈಲಿನಲ್ಲಿ ಲೆಕ್ಕ ಹಾಕಿದ. ಹನ್ನೆರಡರ ಜಾಗಕ್ಕೆ ಮೂವತ್ತನಾಲ್ಕು ಹಾಕಿದರೆ ಒಂಬತ್ತನೆಯ ನಂಬರು ಮೊದಲನೆಯ ಸ್ಥಾನದಿಂದ ಎಂಟಕ್ಕೆ ಬೀಳುತ್ತಿತ್ತು. ಅದನ್ನು ಹೆಂಡತಿಗೆ ತೋರಿಸಿದ. ಬೆಳಿಗ್ಗೆ ಓರಗೆಯವರು ಅವಳನ್ನು ಮೊದಲು ಮಾಡಿದ್ದರು, ಮಧ್ಯಾಹ್ನ ಗೋಡೆಯ ಮಕ್ಕಳು, ಮಗಳೂ ಸೇರಿ, ಎಂಟನೆಯವಳನ್ನಾಗಿ ಮಾಡಿದ್ದರು ಅಂತ ವಿವರಿಸಿದ.

ಅವಳು ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದಳು. ಬಹಳ ಹೊತ್ತು ಒರೆಸಿದಳು.

“ಮೂವತ್ತನಾಲ್ಕು ಅಂತಾನೇ ಹೇಳು. ಮೂರು ವರ್ಷ ಆ ಹನ್ನೆರಡನ್ನ ಹೊತ್ಕೊಂಡು ತಿರುಗೋಕೆ ನನ್ನಿಂದ ಆಗಲ್ಲ.” ಆಮೇಲೆ ಅಂದಳು, “ಉಳಿದದ್ದನ್ನೂ ಇವತ್ತೇ ಹೇಳಿಬಿಡು. ಸಾಕಿನ್ನು.”

ಬಸ್ಸಿನಲ್ಲಿ ಕೂತು ಅವನು ಎರಡನ್ನೂ ಹೇಳುವ ಅಭ್ಯಾಸ ಮಾಡಿದ. ಅಂಕಿಯ ಮಾತು ಸರಾಗವಾಗಿ ಬರುತ್ತಿತ್ತು. ಇನ್ನೊಂದು ಮಾತು ಬರುವಷ್ಟರಲ್ಲಿ ಪ್ರತಿ ಸಲವೂ ಒಂದು ನಿಲ್ದಾಣ ಬರುತ್ತಿತ್ತು.

ನಾಲ್ಕು ಗಂಟೆಗೆ ಹೂಡಿಕೆದಾರ ಬಂದ. ಮುದುಕ, ತೆಳ್ಳಗೆ, ಮೆಲುದನಿ. ಮೇಡಂ ಕೋಣೆಯ ಪರದೆಯ ಮೇಲಿನ ಹಸಿರು ಕಂಬವನ್ನು ನೋಡಿ, ಇವರ ಜಾಗ ಇವತ್ತೇ ನೋಡೋಣವೇ ಅಂತ ಕೇಳಿದ. ಮೇಡಂ ಎದ್ದೇ ನಿಂತರು. ಬಣ್ಣದಕ್ಕ ಕಾರಿಗೆ ಫೋನು ಮಾಡಲು ಕೈ ಹಾಕಿದಳು.

“ಹದಿನೇಳನೇ ಕಾಲಂ ತಪ್ಪಿದೆ ಸಾರ್,” ಅಂದ ಅವನು. “ಹನ್ನೆರಡಲ್ಲ, ಮೂವತ್ತನಾಲ್ಕು. ಇವರು ಎಂಟನೆಯವರು.”

ಏಳು ವರ್ಷ ಸಾಕಿದ ಸೊನ್ನೆ ಕಣ್ಣೆದುರೇ ಮನೆ ಬಿಟ್ಟು ಹೋದದ್ದನ್ನು ಮೇಡಂ ನಿಂತೇ ನೋಡಿದರು.

“ನಿಮಗೆ ಹೇಗೆ ಗೊತ್ತಾಯ್ತು?” ಅಂತ ಹೂಡಿಕೆದಾರ ಕೇಳಿದ.

ಗೋಡೆಯ ಗೆರೆಗಳ ಬಗ್ಗೆ ಹೇಳಿದ. ಕೆಂಪು ಗೆರೆಯ ಬಗ್ಗೆ ಹೇಳಿದ. ಇಪ್ಪತ್ತೊಂಬತ್ತು, ಐದು ಅಂತ ಬಿಡಿಸಿ ಹೇಳಿದ. ಹಲ್ಲಿನ ಕತೆ, ಮನೆ ಬದಲಾಯಿಸಿದವರ ಕತೆ ಎಲ್ಲ ಬಂತು. ಒಬ್ಬಳು ಮಾತ್ರ ಉಳಿದಳು.

“ಐದನೇ ಮಗು?”

“ಅದು ನನ್ನ ಮಗಳು ಸಾರ್.” ಬಸ್ಸಿನಲ್ಲಿ ಬಾರದ ಮಾತು ಈಗ ತಾನಾಗಿ ಬಂತು. “ಒಂಬತ್ತನೇ ನಂಬರಿನವರು ನನ್ನ ಹೆಂಡತಿ.”

ಬಣ್ಣದಕ್ಕ ಏನಾದರೂ ಮುಗಿಸಿಕೊಡಬಹುದೇ ಅಂತ ಅತ್ತಿತ್ತ ನೋಡಿ, ನೀರಿನ ಲೋಟಗಳನ್ನು ನೇರ ಮಾಡಿದಳು.

ಹೂಡಿಕೆದಾರ ಮೆಲ್ಲಗೆ ನಕ್ಕ. ಅಂಕಿಯ ವಿಷಯ ತಾನು ಬೆಳಿಗ್ಗೆಯೇ ಊಹಿಸಿದ್ದೆ ಅಂದ. ಪಟ್ಟಿಯಲ್ಲಿ ಡ್ರಿಲ್ಲಿಂಗ್ ಮೆಷಿನ್ನಿನವರದೂ ಅದೇ ಹನ್ನೆರಡು, ಆ ಅಂಕಿ ಮಕ್ಕಳ ಸೈಕಲಿನವರಿಗೆ ಹೇಗೆ ಹೊಂದುತ್ತದೆ? ಇವರು ಅಲ್ಲಿ ಏನೂ ಬರೆದಿರಲಿಕ್ಕಿಲ್ಲ ಅನ್ನಿಸಿತು. ಮೆಷಿನ್ ಬೆಳೆಯುವುದಿಲ್ಲ, ಮಕ್ಕಳು ಬೆಳೆಯುತ್ತಾರೆ. ಗಾಲಿಕುರ್ಚಿಯವರು ಐವತ್ತಾರು ಅಂತ ಬರೆದಿದ್ದಾರೆ, ಅದರಲ್ಲಿ ಎಷ್ಟು ಮಂದಿ ಎದ್ದು ನಡೆದರೋ ಯಾರು ಕೇಳಿದರು? ಗೊತ್ತಿಲ್ಲದ ಕಡೆ ಏನೋ ಒಂದು ಅಂಕಿ ಬರೆದು ಕೈತೊಳೆದುಕೊಳ್ಳದೆ ಖಾಲಿ ಬಿಟ್ಟವರನ್ನು ನೋಡಬೇಕು ಅಂತಲೇ ತಾನು ಬಂದದ್ದು ಅಂದ. ಮೂವತ್ತನಾಲ್ಕಕ್ಕೆ ತನ್ನ ತಕರಾರಿಲ್ಲ.

ಅವನು ಮೆಲ್ಲಗೆ ಕೇಳಿದ. “ಹೆಂಡತಿ ಅನ್ನೋದಕ್ಕೆ...”

“ಅದಕ್ಕೂ ಇಲ್ಲ. ಸಣ್ಣ ಊರು, ಯಾರಿಗೆ ಯಾರು ಸಂಬಂಧ ಇಲ್ಲ? ಅದಕ್ಕೇ ಕೊನೇ ಕಾಲಂ ಇಟ್ಟಿರೋದು. ಅಲ್ಲಿ ಹೌದು ಅಂತ ಇದ್ದರೆ ಆ ಫಾರಂ ಬೇರೆ ಕಚೇರಿಯಲ್ಲಿ ಅಳೆಸ್ತೀವಿ, ಅಷ್ಟೆ. ಎಲ್ಲಿ, ನೋಡೋಣ.”

ಮೇಡಂ ಪಟ್ಟಿಯನ್ನು ಎಳೆದುಕೊಂಡು ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟು ಇಪ್ಪತ್ತೆರಡನೆಯ ಕಾಲಂವರೆಗೂ ಜಾರಿಸಿದರು. ‘ಅಳೆಯುವ ಕಚೇರಿಯಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ?’ ಅದರ ಕೆಳಗೆ, ಸ್ಪಷ್ಟವಾಗಿ, ‘ಇಲ್ಲ’ ಅಂತ ಇತ್ತು.

ಹೆಂಡತಿ ಸುಳ್ಳು ಬರೆಯುವವಳಲ್ಲ. ಅವನೇ ಓಡಿಹೋಗಿ ಮೂಲ ಫಾರಂ ತಂದ. ಅದರಲ್ಲಿ ಇಪ್ಪತ್ತೆರಡನೆಯ ಚೌಕ ಖಾಲಿ ಇತ್ತು. ಅದನ್ನು ಮೇಜಿನ ಮೇಲಿಟ್ಟ ಮೇಲೆ ಅವನಿಗೆ ತಾನು ಏನು ತಂದಿಟ್ಟೆ ಅನ್ನುವುದು ಹೊಳೆಯಿತು.

“ಹಾಗಾದರೆ ಈ ‘ಇಲ್ಲ’ ಬರೆದವರು ಯಾರು?” ಅಂದರು ಮೇಡಂ.

“ಓರಗೆಯವರು,” ಅಂದ ಅವನು.

ನಿಯಮವನ್ನು ವಿವರಿಸಿದ. ಹನ್ನೊಂದು ಮಂದಿಗೂ ಈ ಕಚೇರಿಯಲ್ಲಿ ಸಂಬಂಧಿಕರಿರಲಿಲ್ಲ. ಆದ್ದರಿಂದ ನಿಯಮದ ಪ್ರಕಾರ ಒಂಬತ್ತನೆಯ ನಂಬರಿನವಳಿಗೆ ಗಂಡನಿರಲಿಲ್ಲ. ನಿಯಮ ಬರೆದವರು ಯಾರು ಅಂತ ಹೂಡಿಕೆದಾರ ಕೇಳಿದ. ಗುಂಡಿ ಒತ್ತಿದವರು ಯಾರು ಅಂತ ಮೇಡಂ ಕೇಳಿದರು. ಎರಡಕ್ಕೂ ಉತ್ತರ ಒಂದೇ ಆಗಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹೂಡಿಕೆದಾರನ ಮುಖದಲ್ಲಿ ಈಗ ನಗು ಇರಲಿಲ್ಲ. ಖಾಲಿ ಬಿಟ್ಟದ್ದನ್ನು ತಾನು ಮೆಚ್ಚುತ್ತೇನೆ, ಆದರೆ ಹೆಂಡತಿಯ ಸಾಲಿನಲ್ಲಿ ಗಂಡನ ಕಂಪ್ಯೂಟರಿನಿಂದ ಬಂದ ಸುಳ್ಳು ‘ಇಲ್ಲ’ವನ್ನು ಯಾರಿಗೂ ವಿವರಿಸಲಾರೆ ಅಂದ. ಒಂಬತ್ತನೆಯ ಸಾಲನ್ನು ಅಡ್ಡಗೆರೆ ಎಳೆದು ತೆಗೆದ. ಅವರು ಮುಂದಿನ ವರ್ಷ ಬೇಕಾದರೆ ಮೊದಲಿನಿಂದ ಅರ್ಜಿ ಹಾಕಲಿ ಅಂದು, ಉಳಿದ ಕಾಲಂಗಳ ಬಲದಿಂದ ಎರಡನೆಯ ಸ್ಥಾನದಲ್ಲಿದ್ದ ಗಾಲಿಕುರ್ಚಿಯವರನ್ನು ನೋಡಲು ಹೊರಟ. ಕಾರು ಆಗಲೇ ಬಂದಿತ್ತು. ಬಣ್ಣದಕ್ಕ ಯಾವಾಗಲೋ ಫೋನು ಮಾಡಿ ಮುಗಿಸಿದ್ದಳು.

ಮೇಡಂ ಈ ಸಲ ತಿಳಿಹೇಳಲಿಲ್ಲ. ಕಚೇರಿಯ ಬಾಗಿಲು ತೆರೆಯುವ ಕಾರ್ಡನ್ನು ಮೇಜಿನ ಮೇಲಿಟ್ಟು ಹೋಗಿ, ನಾಳೆಯಿಂದ ಬರಬೇಡಿ ಅಂದರು, ಅಷ್ಟೆ.

ಅವನು ಶೆಡ್ಡಿಗೆ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ಮೇಸ್ತ್ರಿ ಹೋಗಿದ್ದ. ಹೆಂಡತಿ ಒಂದು ಸೈಕಲನ್ನು ತಲೆಕೆಳಗೆ ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ಮಗಳ ಸೈಕಲು. ಮಗಳು ಪಕ್ಕದಲ್ಲಿ ಕೂತು ಪೆಡಲನ್ನು ತಿರುಗಿಸುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲ ಹೇಳಿದ.

“ಎರಡು ಚೌಕ ಖಾಲಿ ಬಿಟ್ಟಿದ್ದೆ,” ಅಂದಳು ಹೆಂಡತಿ, ಚೈನಿನಿಂದ ಕಣ್ಣೆತ್ತದೆ. “ಹದಿನೇಳನೇದು ಗೊತ್ತಿಲ್ಲ ಅಂತ ಬಿಟ್ಟೆ. ಇಪ್ಪತ್ತೆರಡನೇದು ಗೊತ್ತಿತ್ತು ಅಂತ ಬಿಟ್ಟೆ. ಇಲ್ಲ ಅಂತ ಬರೆದರೆ ಸುಳ್ಳು. ಹೌದು ಅಂತ ಬರೆಯೋಣ ಅಂದ್ರೆ ನೀನು ಬಾಯಿ ಬಿಡಬೇಡ ಅಂದಿದ್ದೆ. ಅದನ್ನ ನೋಡಿದರೆ ನೀನೇ ಹೋಗಿ ಹೇಳ್ತೀಯ ಅಂದ್ಕೊಂಡೆ. ನೀನು ತುಂಬಲಿ ಅಂತ ಬಿಟ್ಟ ಜಾಗ ಅದು.”

ಅವನು ಅದನ್ನು ನೋಡಿಯೇ ಇರಲಿಲ್ಲ. ಹದಿನೇಳನೆಯದನ್ನು ಕಂಡು ಅಲ್ಲೇ ನಿಂತಿದ್ದ, ಗುಂಡಿ ಒತ್ತಿದ ಮೇಲೆ ಕಿಟಕಿ ನೋಡುತ್ತಿದ್ದ.

ಅವಳು ಎದ್ದು ಕೈ ಒರೆಸಿಕೊಂಡು ಡ್ರಾಯರಿನಿಂದ ಒಂದು ಹಾಳೆ ತೆಗೆದಳು. ಅದೇ ಫಾರಂ, ಮೊದಲ ಸಲ ಕಳಿಸಿದಾಗ ಹೆಚ್ಚಿಗೆ ಬಂದಿದ್ದ ಪ್ರತಿ. ಮುಂದಿನ ವರ್ಷ ಅಂದರಲ್ಲ, ಶೆಡ್ಡು ಎಲ್ಲೇ ಇರಲಿ, ಇಲ್ಲದೇ ಇರಲಿ, ಫಾರಂ ಒಂದು ತುಂಬಿಡೋಣ ಅಂದಳು. ಕೊನೆಯ ಪುಟಕ್ಕೆ ತಿರುಗಿಸಿ, ಇಪ್ಪತ್ತೆರಡನೆಯ ಚೌಕದ ಮೇಲೆ ಎಣ್ಣೆಯ ಬೆರಳಿಟ್ಟು, ಪೆನ್ನನ್ನು ಅವನ ಕಡೆ ಚಾಚಿದಳು.

“ಈ ಸಲ ಇದನ್ನ ಖಾಲಿ ಬಿಡಲ್ಲ. ನೀನೇ ಬರಿ. ನಿಜ ಬರಿ.”

ಅವನು ಪೆನ್ನು ತೆಗೆದುಕೊಂಡ. ಅಳೆಯುವ ಕಚೇರಿಯಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ? ಅವನ ಎಡಗೈ ಅಂಗಿಯ ಜೇಬಿನ ಮೇಲೆ, ದಿನಾ ಕಚೇರಿಯ ಕಾರ್ಡು ಇರುತ್ತಿದ್ದ ಜಾಗದ ಮೇಲೆ ಹೋಯಿತು. ಆಮೇಲೆ ಬಗ್ಗಿ, ತನ್ನ ಕೈಯಾರೆ, ‘ಇಲ್ಲ’ ಅಂತ ದುಂಡಗೆ ಬರೆದ.

ಓರಗೆಯವರು ಸುಳ್ಳು ಹೇಳಿರಲಿಲ್ಲ. ಅರ್ಧ ದಿನ ಮುಂಚೆ ಹೇಳಿದ್ದರು, ಅಷ್ಟೆ.